ಗುಡ್ಡದ ಜ್ವರ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಸೊಸೆ ಆಸ್ಪತ್ರೆಯಿಂದ ಮನೆಗೆ ಬಂದಳಾ? ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಮೊಮ್ಮಕ್ಕಳು ಗುಂಡಣ್ಣ, ಚಿನಕುರುಳಿ ಇಬ್ಬರೂ ಹುಷಾರಾಗಿದ್ದಾರಾ? ಉತ್ತರ ತಡವಾಯ್ತು, ಬೇಜಾರು ಮಾಡ್ಕೋಬೇಡ. ಕೈಗೇನೂ ಆಗಿಲ್ಲ, ಬರೆಯೋಕೆ ಮನಸ್ಸು ಬರಲಿಲ್ಲ ಅಷ್ಟೆ.

"ಡಾಕ್ಟರು ಏನೋ ದೊಡ್ಡ ಹೆಸರು ಹೇಳಿದರು, ನೋಡಿದರೆ ನಿಮ್ಮ ಗುಡ್ಡದ ಜ್ವರವೇ" ಅಂತ ಬರೆದಿದ್ದೀಯ. ನಾನು ನಂಬಲಿಲ್ಲ. ನಿಮ್ಮದು ಪೇಟೆ, ಟಾರು ರಸ್ತೆ. ಆ ಜ್ವರ ಡೈರಿ ದನಕ್ಕೆ ಹುಲ್ಲು ಕೊಯ್ದು ಹೊರುತ್ತಿದ್ದ ನಮ್ಮಂಥವರ ಕಾಯಿಲೆಯಲ್ಲವಾ? ಇಲ್ಲಿನ ನರ್ಸಮ್ಮನನ್ನು ಕೇಳಿದರೆ ನಕ್ಕುಬಿಟ್ಟಳು. "ಅಜ್ಜಿ, ನಿಮ್ಮ ಗುಡ್ಡ ಬೋಳಿಸಿ ಸಿಮೆಂಟು ಹಾಸಿ ಲಾರಿ ನಿಲ್ಲಿಸ್ತಿದ್ದಾರೆ. ಇಲ್ಲೀಗ ಹುಲ್ಲೆಲ್ಲಿದೆ? ಪೇಟೆಯಲ್ಲಿ ಖಾಲಿ ಸೈಟು ತುಂಬಾ ಹುಲ್ಲು, ಹುಲ್ಲಲ್ಲಿ ಇಲಿ, ಇಲಿ ಮೈಮೇಲೆ ನುಸಿ. ಕಣ್ಣಿಗೆ ಕಾಣದ ನುಸಿಮರಿ ಕಚ್ಚಿದ ಕಡೆ ಬೀಡಿ ಸುಟ್ಟ ಹಾಗೆ ಕಪ್ಪು ಕಲೆ, ಆಮೇಲೆ ಜ್ವರ" ಅಂದಳು. ನಿನ್ನ ಸೊಸೆ ಬಟ್ಟೆ ಒಣಹಾಕೋದು ಪಕ್ಕದ ಖಾಲಿ ಸೈಟಿನಲ್ಲೇ ಅಂತ ನೀನೇ ಬರೆದಿದ್ದೀಯಲ್ಲ.

ಆ ಹುಲ್ಲು ತೆಗೆಸೋವರೆಗೆ ಮಕ್ಕಳನ್ನ ನನ್ನ ಹತ್ತಿರ ಕಳಿಸಲಾ ಅಂತ ಕೇಳಿದ್ದೀಯ. "ಈಗ ನಿಮ್ಮ ಕಡೆಯೇ ಕ್ಷೇಮ" ಅಂತ ಬೇರೆ. ನಗು ಬಂತು ಮಾರಾಯ. ಕಾಲ ತಿರುಗುತ್ತೆ ಅಂತಾರೆ, ಜ್ವರವೂ ತಿರುಗುತ್ತೆ ಅಂತ ಗೊತ್ತಿರಲಿಲ್ಲ.

ನಿನ್ನ ಕಾಗದ ಮಡಿಸಿಟ್ಟಿದ್ದೆ. ಮಗಳು ಕಿತ್ಕೊಂಡು ಓದಿದಳು. ಕಿವಿ ಕೇಳದವಳು, ತನ್ನ ದನಿಯ ಅಳತೆ ಅವಳಿಗೇ ಗೊತ್ತಾಗಲ್ಲ. "ಕಳಿಸ್ಲಿ, ಯೋಚಿಸೋದೇನಿದೆ!" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದಳು. "ಮಾವನಿಗೆ ನಮ್ಮ ನೆನಪು ಬರೋಕೆ ಮನೆಗೆ ಜ್ವರ ಬರಬೇಕಾಯ್ತು" ಅಂತ ಚುಚ್ಚಿದಳು ಕೂಡ. ಆದರೂ ತನ್ನ ಮಂಚ ಬಿಟ್ಟುಕೊಟ್ಟು ಸೊಳ್ಳೆಪರದೆ ತೊಳೆದು ಕಟ್ಟಿದ್ದಾಳೆ. ಹೂಂ ಅನ್ನೋಕೆ ಹೊತ್ತು ಹಿಡಿದದ್ದು ನನಗೇ. ಕಳಿಸು.

ಸೊಸೆ ಬೇಗ ಎದ್ದು ಓಡಾಡಲಿ. ನಿಮಗೆಲ್ಲ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಕ್ಕ

ಒಂದು ಮಾತು ಉಳೀತು. ಈ ಜ್ವರ ಒಬ್ಬರಿಂದ ಒಬ್ಬರಿಗೆ ಅಂಟೋದೇ ಇಲ್ಲವಂತೆ. ನನ್ನ ಮಗಳ ಅಪ್ಪ ಇದೇ ಜ್ವರದಲ್ಲಿ ಹೋದಾಗ, ಅವಳನ್ನ ಸ್ವಲ್ಪ ದಿನ ಇಟ್ಕೋ ಅಂತ ನಿನ್ನ ಬಾಗಿಲಿಗೆ ಕರೆತಂದಿದ್ದೆ. ನೀನು ಚಿಲಕ ತೆಗೀಲಿಲ್ಲ. ಕಿಟಕಿಯಿಂದಲೇ, "ಅಂಟುರೋಗ ಹೊತ್ಕೊಂಡು ಬರಬೇಡ ಅಕ್ಕಾ, ನಮಗೂ ಮಕ್ಕಳಿವೆ" ಅಂದೆ. ವಾಪಸ್ ಬಂದು ಅಮ್ಮ ಮಗಳು ಮತ್ತೆ ಹುಲ್ಲು ಕೊಯ್ಯೋಕೆ ಇಳಿದೆವು. ಅವಳೂ ಅದೇ ಜ್ವರದಲ್ಲಿ ಮಲಗಿದ್ದು, ಕಿವಿ ಹೋಗಿದ್ದು, ಎಲ್ಲ ಅದಾದ ಮೇಲೆ. ನಿನ್ನ ದನಿ ಅಂತ ಅವಳ ಹತ್ತಿರ ಉಳಿದಿರೋದು ಆ ಮಾತೊಂದೇ. ಮಕ್ಕಳನ್ನ ಬೇರೆಯವರ ಕೈಲಿ ಕಳಿಸಬೇಡ, ನೀನೇ ಕರ್ಕೊಂಡು ಬಾ. ಅವಳ ಎದುರು ಕೂತು ಬೇರೆ ಏನಾದರೂ ಮಾತಾಡು. ತುಟಿ ನೋಡಿ ತಿಳ್ಕೊಳ್ತಾಳೆ. ಯಾವ ಬಸ್ಸಿಗೆ ಬರ್ತೀಯ ಅಂತ ಬೇಗ ಬರೆ.