ನೀನು ಬಿಟ್ಟುಹೋದ ಕಡೆ ನಿನ್ನ ಮಾವ

ಅಕ್ಕನ ಮಗಳೇ,

ನಿನ್ನಂಥ ಎದುರಾಡುವ ಹೆಣ್ಣುಮಕ್ಕಳನ್ನು ಕೊಚ್ಚಿಹಾಕಬೇಕು ಅಂತ ಬರೆಯುವವನಿಗೂ ಜಾಗ ಕೊಟ್ಟರು ಅಂತ, ನೀನು ನಾವಿಬ್ಬರೂ ಬರೆಯುತ್ತಿದ್ದ ಆನ್‌ಲೈನ್ ವೇದಿಕೆ ಬಿಟ್ಟು ನಿನ್ನದೇ ವೆಬ್‌ಸೈಟ್ ಕಟ್ಟಿಕೊಂಡೆ. "ನೀವೂ ಬನ್ನಿ ಮಾವ" ಅಂತ ಕರೆದೆ.

"ನಾನು ಎದ್ದು ಬಂದರೆ ಪಾಪ, ಇವರು ಅಂಗಡಿ ಮುಚ್ಚಬೇಕಾಗುತ್ತೆ ಕಣೇ" ಅಂದೆ ನಾನು. ನೀನು ನಗಲಿಲ್ಲ. ಅವತ್ತಿಂದ ಫೋನೂ ಎತ್ತಲ್ಲ. ಇದನ್ನೂ ಓದಲ್ಲ ಬಿಡು.

ಇವತ್ತು ನನ್ನ ನಗೆಬರಹಕ್ಕೆ ಜನ ಮುಗಿಬಿದ್ದರು. ಹಳ್ಳಿ ಶಾಲೆಯಲ್ಲಿ ಓದಿದ ನಾನು ಡಿಗ್ರಿಯವರೆಲ್ಲ ಹೊಟ್ಟೆ ಹಿಡಿದು ನಗುವಂತೆ ಮಾಡಿದೆ. ನೀನು ಅಲ್ಲಿ ನೊಣ ಹೊಡೆಯುತ್ತಿದ್ದೀಯಂತೆ, ಹೊಡಿ.

ಒಬ್ಬ ಅಭಿಮಾನಿ ಅದರ ಕೆಳಗೆ ಉದ್ದಕ್ಕೆ ಕಾಮೆಂಟ್ ಬರೆದಿದ್ದ. ಓದುವ ಮೊದಲೇ "ಎಲ್ಲ ನಿಮ್ಮ ಆಶೀರ್ವಾದ" ಅಂತ ಉತ್ತರ ಹಾಕಿದೆ. ಆಮೇಲೆ ಓದಿದೆ, ಕೊನೆಗೆ ಹೀಗಿತ್ತು: "ಸಾರ್, ಎದುರಾಡೋ ಹೆಂಗಸರಿಗೆ ಬುದ್ಧಿ ಕಲಿಸೋ ಇಲ್ಲಿನ ಆ ಲೇಖಕರನ್ನೂ ನಿಮ್ಮನ್ನೂ ಒಟ್ಟಿಗೇ ಓದ್ತೀನಿ. ಇಬ್ಬರದೂ ಒಂದೇ ರುಚಿ."

ನನ್ನ ಉತ್ತರಕ್ಕೆ ಅವನೇ ಬಂದು ಹೃದಯದ ಗುರುತು ಒತ್ತಿದ್ದಾನೆ.