ಎಂದಿನಂತೆ ಇದ್ದು ಬನ್ನಿ

ಶಿಂಜಿಯಿಂದ
ಮೇ ೧೯, ಭಾನುವಾರ

ಪ್ರೀತಿಯ ಚಿನಾತ್ಸು,

ಹೇಗಿದ್ದೀಯ ಮಗಳೇ? ಅಳಿಯ ಶೂಹೆಯವರು ಹೇಗಿದ್ದಾರೆ? ನಿನ್ನ ಕಾಗದ ಬಂದಾಗ ಇಲ್ಲಿ ಚೆರ್ರಿ ಹೂ ಉದುರುತ್ತಿತ್ತು. ಈಗ ಗದ್ದೆಗೆ ನೀರು ಬಿಟ್ಟು ನಾಟಿಯೂ ಮುಗಿದಿದೆ. ಇಷ್ಟು ತಡ ಮಾಡಿದ್ದಕ್ಕೆ ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಬೇಡದ ಪಾತ್ರೆ ತೊಳೆದೆ. ಮೊಣಕಾಲಿನ ನೆಪ ಹೇಳಬಹುದಿತ್ತು. ಆದರೆ ಕಾಗದ ಬರೆಯಲು ಮೊಣಕಾಲು ಯಾಕೆ ಬೇಕು ಎಂದು ನೀನು ಕೇಳುವವಳೇ.

ಮಾರ್ಚ್‌ನಲ್ಲಿ ನಿವೃತ್ತಿ ಎಂದು ಹೂಗುಚ್ಛ ಕೊಟ್ಟು ಕಳಿಸಿದವರು ಏಪ್ರಿಲ್‌ನಲ್ಲಿ ಮತ್ತೆ ಕರೆದರು. ಟೌನ್ ಆಫೀಸಿನಲ್ಲಿ ಹೊಸ ದಾದಿ ಸಿಕ್ಕಿಲ್ಲವಂತೆ. ವಾರಕ್ಕೆ ಎರಡು ದಿನ ಹೋಗಿ ಅದೇ ಕುರ್ಚಿಯಲ್ಲಿ ಕೂತು ಅದೇ ಜನರ ಸೊಂಟ ಅಳೆಯುತ್ತೇನೆ. ಮೂವತ್ನಾಲ್ಕು ವರ್ಷ ಅಳೆದ ಮೇಲೂ ಯಾರ ಸೊಂಟವೂ ಕಡಿಮೆಯಾಗಿಲ್ಲ. ಬೇಸರವಲ್ಲ ಕಣೇ, ದಣಿವು. ನಿದ್ದೆ ಮಾಡಿ ಎದ್ದರೂ ಹೋಗದ ದಣಿವು.

ನೀನು ಕೇಳಿದ್ದು ಸಣ್ಣ ವಿಷಯ. ಜೂನ್ ಹತ್ತಕ್ಕೆ ಶೂಹೆಯವರ ಕಂಪನಿಯಲ್ಲಿ ಆರೋಗ್ಯ ತಪಾಸಣೆ. ಮೇ ಇಪ್ಪತ್ತೇಳರಿಂದ ಬಿಯರ್ ನಿಲ್ಲಿಸಿ ಲಿವರಿಗೆ ಒಳ್ಳೆಯದೆಂದು ಶಿಜಿಮಿ ಚಿಪ್ಪುಮೀನಿನ ಸಾರು ಕೊಡಬೇಕು, ಅಪ್ಪನಿಗೆ ನೀನು ಮಾಡುತ್ತಿದ್ದ ಅಳತೆ ಬರೆದು ಕಳಿಸು ಎಂದಿದ್ದೀಯ. "ಅಪ್ಪನಿಗೆ ಪ್ರತಿವರ್ಷ ವರದಿಯಲ್ಲಿ 'ಎ' ಬರ್ತಿತ್ತಲ್ಲಮ್ಮ, ಇವರಿಗೆ ಕಳೆದ ಸಲ 'ಸಿ' ಬಂದು ಮ್ಯಾನೇಜರ್ ಎದುರಿಗೆ ಮುಖ ಇಲ್ಲದ ಹಾಗಾಯ್ತು" ಎಂದೂ ಬರೆದಿದ್ದೀಯ. ಅದರ ಕೆಳಗೆ ತಮಾಷೆಗೆಂಬಂತೆ ಇನ್ನೊಂದು ಸಾಲು: "ನಾಲ್ಕನೇ ಮಹಡಿ ಹತ್ತುವಾಗ ಮಧ್ಯೆ ನಿಂತು ಫೋನ್ ನೋಡೋ ನಾಟಕ ಮಾಡ್ತಾರೆ, ಮೂವತ್ತೆಂಟಕ್ಕೇ ಮುದುಕ." ಅದನ್ನು ಓದುತ್ತಾ ಕೂತೆ. ಒಲೆಯ ಮೇಲಿನ ಕೆಟಲ್ ಒಣಗಿ ತಳ ಸುಟ್ಟಿತು.

ನಮ್ಮ ಮನೆಯ ವ್ರತ ನಿನಗೆ ಮರೆತಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಊರಿಗೆ ಆರೋಗ್ಯ ತಪಾಸಣೆಯ ಬಸ್ಸು ಬರುವ ತಾರೀಖು ಟೌನ್ ಆಫೀಸಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ನನಗೆ. ಅಲ್ಲಿಂದ ಎರಡು ವಾರ ಹಿಂದಕ್ಕೆ ಎಣಿಸಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕುತ್ತಿದ್ದೆ. ಅವತ್ತಿನಿಂದ ಸಾಕೆ ಮದ್ಯದ ಬಾಟಲಿ ಮೇಲಿನ ಕಪಾಟಿಗೆ, ನಿಮ್ಮಪ್ಪನ ಎದುರಿಗೆ ಬಾರ್ಲಿ ಚಹಾ. "ಕುದುರೆಗೆ ಹಾಕೋದನ್ನ ನನಗೆ ಕುಡಿಸ್ತೀಯಲ್ಲೇ" ಎಂದು ಗೊಣಗಿಕೊಂಡೇ ಕುಡಿಯುತ್ತಿದ್ದರು. ನೀರು ಸರಬರಾಜು ವಿಭಾಗದಲ್ಲಿ ನಿಮ್ಮಪ್ಪನ ಕೈಕೆಳಗಿದ್ದ ಇಹಾರಾ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ: "ನೋಟಿಸ್ ಬೋರ್ಡ್ ಯಾಕ್ರೀ ಬೇಕು? ಕಾಗೆಯಾಮಾ ಸಾಹೇಬ್ರ ಮುಖ ಸಪ್ಪಗಾಯ್ತು ಅಂದ್ರೆ ಬಸ್ಸು ಬಂತು ಅಂತ್ಲೇ ಲೆಕ್ಕ." ರಕ್ತ ಕೊಟ್ಟ ಸಂಜೆಗೆ ಇಬ್ಬರೂ ಸೇರಿ ಎರಡು ವಾರದ್ದನ್ನು ಒಂದೇ ಸಲ ತೀರಿಸಿಕೊಳ್ಳುತ್ತಿದ್ದರು. ಆ ಬಸ್ಸಿನ ಬಾಗಿಲಿಗೆ ಅಂಟಿಸಿದ ಕಾಗದವಾದರೂ ಯಾರ ಕೈಬರಹ? ನನ್ನದೇ. "ಎಂದಿನಂತೆ ಇದ್ದು ಬನ್ನಿ."

ಕಳೆದ ಮಂಗಳವಾರ ಸಮುದಾಯ ಭವನದಲ್ಲಿ ಹೊಸ ಡಾಕ್ಟರ್ ನೊನೊಮುರಾ ಅವರ ಮಾತು ಇಟ್ಟುಕೊಂಡಿದ್ದೆವು. ಇನ್ನೂ ಚಿಕ್ಕ ವಯಸ್ಸು, ಟೈ ಸರಿಯಾಗಿ ಕಟ್ಟಿಕೊಳ್ಳಲು ಬರುವುದಿಲ್ಲ, ಆದರೆ ಮಾತು ನೇರ. ಲಿವರ್ ಬೇರೆ, ಹೃದಯ ಬೇರೆ ಎಂದುಕೊಳ್ಳಬೇಡಿ ಎಂದರು. ಲಿವರಿನಲ್ಲಿ ಕೊಬ್ಬು ಕೂತು, ಅದರ ಸ್ಥಿತಿಯನ್ನು ರಕ್ತದಲ್ಲಿ ತೋರಿಸುವ ಗಾಮಾ ಸಂಖ್ಯೆ ಏರುತ್ತಿರುವವರಲ್ಲಿ ಹೃದಯದ ರಕ್ತನಾಳಗಳಿಗೂ ಅಪಾಯ ಹೆಚ್ಚು, ತೆಳ್ಳಗಿರುವವರಿಗೂ ಇದು ತಪ್ಪಿದ್ದಲ್ಲ ಎಂದರು. ಮೀನಂಗಡಿಯ ಅಜ್ಜಿ ಕೂತಲ್ಲಿಂದಲೇ, "ಹಾಗಾದ್ರೆ ನಮ್ಮನೆಯವರು ಕುಡಿಯೋದು ಒಂದು ಕಡೆ, ಕೆಡೋದು ಎರಡು ಕಡೆ ಅನ್ನಿ" ಎಂದಳು. ಎಲ್ಲರೂ ನಕ್ಕರು.

ಆಮೇಲೆ ಡಾಕ್ಟರು ಕೇಳಿದರು: "ಬಸ್ಸು ಬರೋ ಮುಂಚೆ ಕುಡಿಯೋದು ನಿಲ್ಸೋರು ಎಷ್ಟು ಜನ? ಕೈ ಎತ್ತಿ, ಯಾರೂ ಬೈಯಲ್ಲ." ಮೊದಲು ಯಾರೂ ಎತ್ತಲಿಲ್ಲ. ಇಹಾರಾ ಎತ್ತಿದ. ಅವನನ್ನು ನೋಡಿ ಮುಕ್ಕಾಲು ಭವನ ಕೈ ಎತ್ತಿತು. ಡಾಕ್ಟರು ನಗಲಿಲ್ಲ. "ಹಾಗಾದ್ರೆ ನೀವು ಪರೀಕ್ಷೆಗೆ ಬೇರೆ ಯಾರನ್ನೋ ಕಳಿಸ್ತಿದ್ದೀರಿ" ಎಂದರು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು: "ಹತ್ತು ವರ್ಷದ ಹಳೇ ವರದಿ ನೋಡ್ತಾ ಇದ್ದೀನಿ ಅಮ್ಮ. ಹೃದಯಾಘಾತ ಆದವರಲ್ಲಿ ಹೆಚ್ಚಿನವರ ಗಾಮಾ ಮೊದಲೇ ಏರಿತ್ತು. ಒಬ್ಬರದು ಮಾತ್ರ ಪ್ರತಿವರ್ಷ ಚೊಕ್ಕ. ಅವರು ಯಾಕೆ ಹೋದ್ರು ಅಂತ ನನಗೆ ತಲೆಬುಡ ತಿಳೀತಿಲ್ಲ." ಅವರು ನೋಡುವ ಪಟ್ಟಿಯಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ನನಗೆ ಹೆಸರು ಬೇಕಾಗಿರಲಿಲ್ಲ. ಚಹಾ ಲೋಟಗಳ ತಟ್ಟೆ ಹಿಡಿದುಕೊಂಡು "ಹೌದಾ" ಎಂದೆ, ಅಷ್ಟೆ.

ಆದ್ದರಿಂದ ನಿನಗೆ ನನ್ನ ಉತ್ತರ ಇದು. ಶೂಹೆಯವರು ಎಂದಿನಂತೆ ತಿಂದು ಕುಡಿದು ಹೋಗಲಿ. 'ಸಿ' ಬರಲಿ, 'ಡಿ' ಬರಲಿ. ಮ್ಯಾನೇಜರ್ ಏನಂದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಲಿ. ಆಮೇಲೆ ಕುಡಿಯುವುದನ್ನು ನಿಲ್ಲಿಸಿದರೆ ಅದು ತಪಾಸಣೆಗಲ್ಲ, ಅವರಿಗಾಗಿಯೇ ಆಗಲಿ. ಮೆಟ್ಟಿಲ ಮೇಲೆ ನಿಲ್ಲುವ ವಿಷಯಕ್ಕೆ ಮಾತ್ರ ಜೂನ್ ಹತ್ತರ ತನಕ ಕಾಯಬೇಡ. ಈ ವಾರವೇ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಬರುವುದಿಲ್ಲ ಎಂದರೆ ಅತ್ತೆ ಅತ್ತುಕೊಂಡು ಬರೆದಿದ್ದಾಳೆ ಎಂದು ಹೇಳು, ಸುಳ್ಳಲ್ಲ.

ಸಾರು ಬೇಕಿದ್ದರೆ ರುಚಿಗೆ ಮಾಡಿಕೊಳ್ಳಿ. ಇಬ್ಬರಿಗೆ ಎರಡು ಹಿಡಿ ಚಿಪ್ಪು ಸಾಕು. ಉಪ್ಪುನೀರಿನಲ್ಲಿ ಮೂರು ಗಂಟೆ ಬಿಟ್ಟರೆ ಮರಳೆಲ್ಲ ಉಗುಳುತ್ತವೆ. ತಣ್ಣೀರಿಗೇ ಹಾಕಿ ಒಲೆ ಹಚ್ಚು, ಬಾಯಿ ಬಿಟ್ಟ ಮೇಲೆ ಒಲೆ ಆರಿಸಿ ಮಿಸೋ ಕಲಸು.

ಇಬ್ಬರೂ ನೂರು ಕಾಲ ಚೆನ್ನಾಗಿರಿ. ಜಗಳವಾಡಿಕೊಂಡಾದರೂ ಜೊತೆಗಿರಿ.

ನಿನ್ನ ಅಮ್ಮ,
ತೊಮೊಎ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಒಕಾಯಾಮಾಕ್ಕೆ ಹೋದ ವರ್ಷ ಚಂಡಮಾರುತದ ಮುನ್ಸೂಚನೆ ಬಂದು ಬಸ್ಸು ಹತ್ತು ದಿನ ಮೊದಲೇ ಬಂತು. ನಿಮ್ಮಪ್ಪನ ವ್ರತ ಆಗಷ್ಟೇ ಶುರುವಾಗಿತ್ತು. ಐವತ್ತರೊಳಗೆ ಇರಬೇಕಾದ ಗಾಮಾ ನೂರ ಮೂವತ್ನಾಲ್ಕು. ಲಿವರಿನಲ್ಲಿ ಕೊಬ್ಬಿದೆ, ದೊಡ್ಡ ಆಸ್ಪತ್ರೆಯಲ್ಲಿ ಹೃದಯವನ್ನೂ ತೋರಿಸಿ ಎಂದು ಆಗಿನ ಡಾಕ್ಟರು ವರದಿಯ ಕೆಳಗೆ ಕೈಯಲ್ಲೇ ಬರೆದಿದ್ದರು. ನಿಮ್ಮಪ್ಪ ಅದನ್ನು ಹಿಡಿದುಕೊಂಡು, "ಪಂಪ್‌ಹೌಸ್ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ ಕಣೇ. ಬೂಟಿನ ಲೇಸ್ ಕಟ್ಟೋ ಹಾಗೆ ಕೂತ್ಕೊಂಡು ಸುಧಾರಿಸ್ಕೋತೀನಿ. ಒಂದ್ಸಲ ಹೋಗಿ ತೋರಿಸ್ಕೊಂಡು ಬರ್ಲಾ?" ಎಂದು ಕೇಳಿದರು. ಊರಿಗೆಲ್ಲ ಬುದ್ಧಿ ಹೇಳುವ ದಾದಿಯ ಗಂಡನಿಗೇ ಹೀಗೆ ಬಂತೆಂದು ನನಗೆ ನಾಚಿಕೆ. "ಇರಿ, ಇನ್ನೊಂದು ಸಲ ರಕ್ತ ಕೊಡೋಣ" ಎಂದೆ. ಐದು ವಾರ ಬಾರ್ಲಿ ಚಹಾ ಮತ್ತು ಸಾರು. ನಲವತ್ತಾರಕ್ಕೆ ಇಳಿಯಿತು. ಆ ಹೊಸ ವರದಿಯನ್ನು ಆಫೀಸಿನ ಕಡತಕ್ಕೆ ಹಾಕಿ, ಹಳೆಯದನ್ನು ಅಲ್ಲಿಂದ ತೆಗೆದು ನನ್ನ ಕಿಮೋನೋ ಪೆಟ್ಟಿಗೆಯ ತಳದಲ್ಲಿಟ್ಟೆ. "ಹಾಗಾದ್ರೆ ಎದೇದೂ ಏನಿಲ್ವಾ?" ಎಂದು ಕೇಳಿದರು. "ವಯಸ್ಸಾಯ್ತಲ್ರೀ, ಅಷ್ಟೇ" ಎಂದೆ. ನನ್ನ ಮಾತು ನಂಬಿದರು, ನಾನು ದಾದಿಯಲ್ಲವೇ. ಮುಂದಿನ ವರ್ಷ ಅದೇ ಮೆಟ್ಟಿಲ ಮೇಲೆ, ಲೇಸ್ ಕಟ್ಟುವ ಹಾಗೆ ಕೂತವರು ಏಳಲಿಲ್ಲ.

ಐದು ವರ್ಷದಿಂದ ನೀನು ಎಲ್ಲರಿಗೂ "ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ" ಎನ್ನುತ್ತಿದ್ದೀಯ. ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದ್ದೇನೆ. ಆ ಹಳೆಯ ವರದಿ ಇದರ ಜೊತೆಗಿದೆ. ಅದರ ಒಂದು ನಕಲನ್ನು ನಾಳೆ ನೊನೊಮುರಾ ಅವರ ಮೇಜಿನ ಮೇಲೆ ಇಡುತ್ತೇನೆ. ಓದಿದ ಮೇಲೆ ನನಗೆ ಫೋನ್ ಮಾಡಬೇಕು ಅನ್ನಿಸದಿದ್ದರೆ ಮಾಡಬೇಡ. ಆದರೆ ಇಪ್ಪತ್ತೇಳಕ್ಕೆ ನೀನೂ ನಿನ್ನ ಕ್ಯಾಲೆಂಡರಿನಲ್ಲಿ ಹಾಕಿರುವ ಸುತ್ತನ್ನು ಇವತ್ತೇ ಅಳಿಸು.