ಫುಪ್ಪು ಓದಿದ ತುಟಿ

ಜೂನ್ 10, ಮಂಗಳವಾರ

ನನ್ನ ಕಾರ್ಟೂನ್ ಹುಡುಗಿ ಚಿನ್ನಿ ಇವತ್ತೂ ವಾಪಸ್. ಮೂರನೆಯ ಸಲ. ಹುಬ್ಬಳ್ಳಿ ಸ್ಟುಡಿಯೊದ ಸಿದ್ಧಲಿಂಗ ಸರ್ ವಾಯ್ಸ್ ಮೆಸೇಜ್: "ಇರಮ್, ಮಾತು ಒಂದ್ ಕಡೆ, ಬಾಯಿ ಒಂದ್ ಕಡೆ ಹೊಂಟೈತಿ ನೋಡ್ರಿ. ಸಣ್ಣ ಹುಡುಗ್ರು ನೋಡೂ ವಿಡಿಯೊ ಇದು."

ಚಿನ್ನಿ ಹೇಳುವುದು ಒಂದೇ ಸಾಲು— ಬಾ ಮಾಮಾ, ಬೆಲ್ಲ ತಿನ್ನು. ಒಂದೊಂದು ಸ್ವರಕ್ಕೂ ಒಂದೊಂದು ಬಾಯಿ ಬರೆದಿದ್ದೇನೆ. ಸದ್ದು ಬೀಳುವ ಫ್ರೇಮಿನಲ್ಲೇ ಇಟ್ಟಿದ್ದೇನೆ. ಇನ್ನೇನು ಬೇಕು?

ಅಣ್ಣಿಗೇರಿಯಿಂದ ಇನ್ನೂ ಫೋನ್ ಇಲ್ಲ. ಹಾರೂನ್ ಮತ್ತು ಮನೆಯವರು ಬಂದು ಹೆಣ್ಣು ನೋಡಿ ಹೋಗಿ ಹನ್ನೆರಡು ದಿನ. ಹಾರೂನ್ ಡ್ರಾಯಿಂಗ್ ಮಾಸ್ತರರು. ಅವತ್ತು ನಾನು ಮಾಡಿದ ಆಡಿನ ಕಾರ್ಟೂನ್ ನೋಡಿ, "ನೆಗಿಯೂಕಿಂತ ಮೊದ್ಲ ಮೈ ಕುಗ್ಗಸತೈತಿ. ಅಗದಿ ಖರೆ ಆಡಿನಂಗ ಐತ್ರಿ" ಅಂದಿದ್ದರು. ಇಡೀ ನವಲಗುಂದದಲ್ಲಿ ಅದನ್ನು ಯಾರೂ ಗಮನಿಸಿಲ್ಲ. ಫೋನ್ ಬಂತಾ ಎಂದು ಅಬ್ಬಾನನ್ನು ಕೇಳಿದೆ. "ಇನ್ನೂ ಬಂದಿಲ್ಲವ್ವಾ" ಅಂದರು.

ಜೂನ್ 11

ನಂಬಲಾಗುತ್ತಿಲ್ಲ. ತಪ್ಪು ಹಿಡಿದದ್ದು ಫುಪ್ಪು!

ಮೈಮುನಬಿ ಫುಪ್ಪು, ಅಬ್ಬಾನ ಅಕ್ಕ. ಶಾಲೆಯಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ಕಿವಿ ಹೋಯಿತು. ಆಮೇಲೆ ದನಿ ಒಡಕಾಯಿತು, ಓಣಿಯ ಹುಡುಗರು ಅಣಕಿಸಿದರು, ಮಾತನ್ನೇ ಬಿಟ್ಟಳು. ನಲವತ್ತೈದು ವರ್ಷದಿಂದ ಅಂಗಳದ ಮಗ್ಗದ ಮುಂದೆ ಕೂತು ಜಮಖಾನೆ ನೇಯುತ್ತಾಳೆ.

ಚಿನ್ನಿಯ ಸಾಲನ್ನು ನಾನೇ ಮತ್ತೆ ಮತ್ತೆ ಅನ್ನುತ್ತ ಕೂತಿದ್ದಾಗ, ಚಹಾ ತಂದಿಟ್ಟವಳು ನನ್ನ ಬಾಯಿ ನೋಡಿ, ಸ್ಕ್ರೀನ್ ನೋಡಿ ನಕ್ಕಳು. ಬೇಡ ಎಂದು ತಲೆಯಾಡಿಸಿದಳು. ಎರಡು ಬೆರಳಿನಿಂದ ನನ್ನ ತುಟಿ ಹಿಡಿದು ಮುಚ್ಚಿದಳು. ಚಿನ್ನಿಯ ಬಾಯಿ ತೋರಿಸಿದಳು. ಮತ್ತೆ ಮುಚ್ಚಿದಳು.

ಫ್ರೇಮ್ ಫ್ರೇಮ್ ತೆಗೆದು ನೋಡಿದೆ. 'ಬಾ ಮಾಮಾ' ಅನ್ನುವಾಗ ತುಟಿ ಒಂದಕ್ಕೊಂದು ಮುಟ್ಟುವುದೇ ಇಲ್ಲ! 'ಆ'ಗಳನ್ನೆಲ್ಲ ಚೆಂದ ತೆರೆದಿದ್ದೆ, 'ಬ', 'ಮ' ನುಂಗಿಹೋಗಿದ್ದವು. ಸದ್ದಿಗಿಂತ ಎರಡು ಫ್ರೇಮ್ ಮೊದಲೇ ತುಟಿ ಮುಚ್ಚಿಸಿ, ಅಲ್ಲೇ ತಡೆದು, ಆಮೇಲೆ ಬಿಟ್ಟೆ. ಚಿನ್ನಿ ಮಾತಾಡಿದಳು. ಖರೇನೇ ಮಾತಾಡಿದಳು.

ಸರ್ ಪಾಸ್ ಮಾಡಿದರು. ಆದರೆ ಕಿವಿಯಿಲ್ಲದವಳಿಗೆ ಹೇಗೆ ಗೊತ್ತಾಯಿತು?

ಜೂನ್ 12, ಮಧ್ಯಾಹ್ನ

ಪರೀಕ್ಷೆ ಮಾಡಿದೆ. ಬಾಗಿಲಲ್ಲಿ ನಿಂತು, ದನಿ ತೆಗೆಯದೆ, ಬರೀ ತುಟಿಯಲ್ಲಿ ಅಂದೆ— ನಾಳೆ ರೊಟ್ಟಿ, ಪುಂಡಿಪಲ್ಯ ಮಾಡೋಣ. ಕೈಗೆ ಪೆನ್ ಕೊಟ್ಟೆ. ದಪ್ಪ ಅಕ್ಷರದಲ್ಲಿ ಪೂರ್ತಿ ಬರೆದಳು. ಕೆಳಗೆ ಇನ್ನೊಂದು ಸಾಲು: "ಪ ಬ ಮ ಒಂದೇ ಕಾಣತಾವ. ಹಿಂದ ಮುಂದ ನೋಡಿ ತಿಳಕೋತೀನಿ."

ಅಂದರೆ... ಈ ಮನೆಯ ಎಲ್ಲ ಮಾತು? ಇಷ್ಟು ವರ್ಷ?

ಹೋದ ವರ್ಷ ಗೆಳತಿ ನಾಜಮೀನ್‌ಗೆ ಫೋನಿನಲ್ಲಿ ಹೇಳಿದ್ದೆ. ಫುಪ್ಪುವಿನ ಎದುರಿಗೇ ಕೂತು, ಅವಳು ಸುಲಿದುಕೊಟ್ಟ ಶೇಂಗಾ ತಿನ್ನುತ್ತ. "ಈ ಕಿವುಡಿ ಇರೂತನಕ ನಮ್ಮ ಮನಿಗೆ ಯಾವ ಗಂಡೂ ಬರಂಗಿಲ್ಲ ಬೇ."

ಅವತ್ತು ಅವಳು ನನ್ನನ್ನೇ ನೋಡುತ್ತಿದ್ದಳು. ಶೇಂಗಾ ಸುಲಿಯುತ್ತಲೇ ಇದ್ದಳು.

ಜೂನ್ 13

ಕಾಲ ಬಳಿ ಕೂತು ಮಾಫಿ ಕೇಳಿದೆ. ತಲೆ ಸವರಿದಳು. ಇನ್ನೂ ಏನೇನು ಓದಿದ್ದೀ ಅಂದೆ. ಪೆನ್ ತೆಗೆದುಕೊಂಡಳು.

"ಅಣ್ಣಿಗೇರಿ ಫೋನ್ ಬಂದಿತ್ತು. ನಿನ್ನ ಕಿವ್ಯಾಗ ಹೆಡ್‌ಫೋನ್ ಇತ್ತು. ನಿನ್ನ ಅಬ್ಬಾ ಇಮಾಮ ನನ್ನ ಮುಂದ ನಿಂತು ಮಾತಾಡಿದ. ನಮ್ಮ ಹುಡುಗಿ ಒಲ್ಲೆ ಅಂತಾಳ್ರಿ, ಅಂದ."

ನನ್ನ ಅಬ್ಬಾ. ಅಮ್ಮಿ ಹೋದ ಮೇಲೆ ದಿನಾ ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದ ಅಬ್ಬಾ.

ಫುಪ್ಪು ತಪ್ಪು ಓದಿರಬಹುದು. ತುಟಿಯ ಅಕ್ಷರ ಕಲಸಿಹೋಗಿರಬಹುದು. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಒಲ್ಲೆ. ತುಟಿ ದುಂಡಗಾಗಿ ಬಿಚ್ಚಿಕೊಳ್ಳುತ್ತದೆ. ಪ ಇಲ್ಲ, ಬ ಇಲ್ಲ, ಮ ಇಲ್ಲ. ಕಲಸಿಹೋಗುವಂಥದ್ದು ಏನೂ ಇಲ್ಲ.

ಹಾಳೆ ತಿರುವಿ ಮತ್ತೆ ಬರೆದಳು: "ಫೋನ್ ಇಟ್ಟ ಮ್ಯಾಲೆ ತನಗ ತಾನ ಅಂದ. ಇಕಿ ಹೋದ್ರ ಆಪಾನ್ನ ಯಾರ ನೋಡ್ಕೋತಾರ?" ಅಬ್ಬಾ ಅಕ್ಕನನ್ನು ಕರೆಯುವ ಆ 'ಆಪಾ' ಅನ್ನುವಲ್ಲಿ ಪೆನ್ನು ಕಾಗದ ಹರಿದಿತ್ತು.

ಜೂನ್ 18

ಐದು ದಿನ ಏನೂ ಬರೆಯಲಿಲ್ಲ. ಕೆಲಸವೂ ಸಾಗಲಿಲ್ಲ. ಸರ್‌ಗೆ ತಪ್ಪು ಫೈಲ್ ಕಳಿಸಿ ಬೈಸಿಕೊಂಡೆ. ಅಬ್ಬಾ "ಮೈಯಾಗ ಆರಾಮ ಇಲ್ಲೇನು?" ಅನ್ನುತ್ತಾರೆ. ಮುಖ ನೋಡಲಾಗುವುದಿಲ್ಲ. ನೋಡಿದರೆ ಬಾಯಿಯನ್ನಷ್ಟೇ ನೋಡುತ್ತೇನೆ.

ಜೂನ್ 20, ಶುಕ್ರವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ನಮಾಜು ಮುಗಿಸಿ ಬಂದು ಅಬ್ಬಾ ಊಟಕ್ಕೆ ಕೂತರು. ತಡೆಯಲಾಗಲಿಲ್ಲ. "ಅಣ್ಣಿಗೇರಿಯವರು ಏನಂದ್ರು?" ಅಂದೆ.

"ಇನ್ನೂ ಫೋನ್..."

"ಸುಳ್ಳ."

ನಾನು ಅಂದದ್ದಲ್ಲ. ಹಿಂದಿನಿಂದ ಬಂತು. ಒಡಕು ದನಿ, ಕಲ್ಲಿನ ಮೇಲೆ ತಗಡು ಎಳೆದ ಹಾಗೆ. ಫುಪ್ಪು! ಹುಟ್ಟಿದಾಗಿನಿಂದ ನಾನು ಕೇಳದ ದನಿ. ಅಬ್ಬಾನ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು.

"ಇಮಾಮ. ನನ್ನ ಹೆಸರ್ಲೆ ಈ ಹುಡುಗೀನ ಕಟ್ಟಿಹಾಕಬ್ಯಾಡ." ಒಂದೊಂದೇ ಶಬ್ದ, ಎಲ್ಲೆಲ್ಲೋ ಏರಿ ಎಲ್ಲೆಲ್ಲೋ ಇಳಿದು. "ನಾ ಏನ್ ಕೂಸೇನು? ಫೋನ್ ಹಚ್ಚು."

ಅಬ್ಬಾ ಅಳುತ್ತಿದ್ದರು. "ಆಪಾ, ನಿನಗ... ಎಲ್ಲಾ ತಿಳೀತಿತ್ತಾ?"

"ಹಚ್ಚು."

ಹಚ್ಚಿದರು. ಸ್ಪೀಕರಿಗೆ ಹಾಕಿದ್ದು ನಾನು. ಫುಪ್ಪು ಎದುರಿಗೇ ಕೂತು ಅಬ್ಬಾನ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. ಹಾರೂನರ ತಾಯಿ ಗೌಸಬಿ ಎತ್ತಿದರು.

"ಬೀಬೀ, ತಪ್ಪಾತ್ರಿ," ಅಂದರು ಅಬ್ಬಾ. "ನಮ್ಮ ಹುಡುಗಿ ಒಲ್ಲೆ ಅಂದಿರಲಿಲ್ಲ. ನಾನಽ ಅಂದಿದ್ದೆ."

ಗೌಸಬಿ ದನಿ ಏರಿಸಿದರು, "ಇದೆಂಥಾ ಮಾತ್ರಿ ಇದು? ಹದಿನೈದು ದಿನದಿಂದ ನನ್ನ ಮಗ ಸರಿಯಾಗಿ ಉಂಡಿಲ್ಲ." ಇನ್ನೂ ಬೈದರು. ಅಬ್ಬಾ ಎಲ್ಲದಕ್ಕೂ "ಹೌದ್ರಿ" ಅಂದರು. ನಡುವೆ ಯಾರೋ ಫೋನ್ ಕಸಿದುಕೊಂಡ ಸದ್ದು.

"ಇರಮ್ ಅವ್ರು ಅದಾರೇನ್ರಿ?" ಹಾರೂನ್.

ಅಬ್ಬಾ ಫೋನ್ ನನ್ನ ಕಡೆ ಸರಿಸಿ ಎದ್ದು ಅಂಗಳಕ್ಕೆ ಹೋದರು. ತಿರುಗಿ ನೋಡಲಿಲ್ಲ. ನಾನೂ ಕರೆಯಲಿಲ್ಲ. ಸಿಟ್ಟು ಇಳಿದಿಲ್ಲ, ಯಾವಾಗ ಇಳಿಯುತ್ತದೋ ಗೊತ್ತಿಲ್ಲ.

"ನೀವು ಖರೇನ ಏನಂದಿದ್ರಿ?" ಹಾರೂನ್ ಕೇಳಿದರು.

"ನನ್ನ ಯಾರೂ ಕೇಳಿದ್ದಽ ಇಲ್ರಿ."

"ಈಗ ನಾ ಕೇಳಾಕತ್ತೀನಲ್ರಿ."

ಫೋನ್ ಹತ್ತಿರಕ್ಕೆ ತಂದು "ಒಪ್ಪಿಗಿ ಐತ್ರಿ" ಅಂದೆ; ಎದುರಿಗೆ ನನ್ನ ತುಟಿ ಓದುತ್ತಿದ್ದ ಫುಪ್ಪು ನಕ್ಕಳು.